ಇನಾಮು ಬೇಡ, ಲೆಕ್ಕ ಕೊಡಿ

ಬಳ್ಳಾರಿಯ ಒಂದು ಹೋಟೆಲಿನಲ್ಲಿ ನಾವು ನಾಲ್ಕು ಜನ ಉಂಡೆವು. ನಾಲ್ವರೂ ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು. ಒಬ್ಬನಿಗೆ ಆ ತಿಂಗಳೇ ನೌಕರಿ ಸಿಕ್ಕಿತ್ತು. ಮೊದಲ ಪಗಾರದ ಊಟ. ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬಂತು. ನೌಕರಿಯವನು ಬಿಲ್ಲಿನ ದುಡ್ಡು ಇಟ್ಟ, ಅದರ ಮೇಲೆ ಒಂದು ಇಪ್ಪತ್ತರ ನೋಟು ಇಟ್ಟ. ಬಡಿಸಿದವನು ನೋಟು ಜೇಬಿಗೆ ಹಾಕಿಕೊಂಡು ಹಣೆಗೆ ಕೈ ಹಚ್ಚಿ ಸಲಾಮು ಮಾಡಿದ. ಆ ಸಲಾಮು ನಮಗೆ ನಾಲ್ವರಿಗೂ ಹಿತವಾಯಿತು. ಸುಳ್ಳು ಯಾಕೆ ಹೇಳಬೇಕು? ಹಿತವಾಯಿತು.

ಆಮೇಲೆ ತಟ್ಟೆ ಎತ್ತುವ ಹುಡುಗ ಒದ್ದೆ ಬಟ್ಟೆ ಹಿಡಿದು ಟೇಬಲ್ಲು ಒರೆಸಲು ಬಂದ. ನಮ್ಮ ಮಾತಿನ ಧಾಟಿ ಕೇಳಿರಬೇಕು.

'ಯಾವೂರ್ರಿ ಅಣ್ಣಾ?'

'ಕೆಂಚನಗುಡ್ಡ.'

'ಹೌದಾ! ನಮ್ದೂ ಸಿರುಗುಪ್ಪ ತಾಲೂಕೇ.'

ಅವನು ಕೇರಿ ಕೇಳಲಿಲ್ಲ, ನಾವೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಾಯಿತು. ಒರೆಸುತ್ತಲೇ ದನಿ ತಗ್ಗಿಸಿ ಅಂದ: 'ಆ ಇಪ್ಪತ್ತು ನಮ್ಗೆ ಬರಲ್ಲ ಅಣ್ಣಾ. ಅದು ಹೋಗ್ಲಿ ಬಿಡ್ರಿ. ನೀವು ಓದಿದೋರು ಕಾಣ್ತೀರಿ. ಗಲ್ಲಾದ ಮುಂದ ಕುಂತಾರಲ್ಲ, ಅವ್ರಿಗೊಂದು ಮಾತು ಕೇಳ್ರಿ, ಈ ಹುಡುಗ್ರಿಗೆ ವಾರಕ್ಕೊಂದು ರಜಾ ಯಾಕಿಲ್ಲ ಅಂತ.'

ನಾವು ಕೇಳಲಿಲ್ಲ. ಗಲ್ಲಾದ ಮುಂದೆ ಹೋದಾಗ ಮಾಲಕರು ನಕ್ಕು 'ಊಟ ಹೆಂಗಿತ್ತು ಸಾರ್?' ಅಂದರು. ನಮ್ಮ ಅಪ್ಪಂದಿರನ್ನು ಜನ್ಮದಲ್ಲಿ ಯಾರೂ ಸಾರ್ ಅಂದವರಿಲ್ಲ. ಆ ಒಂದು ಮಾತಿಗೆ ನಾವು ಸೋತೆವು. 'ಚೆನ್ನಾಗಿತ್ತು' ಅಂದು ಮೆಟ್ಟಿಲಿಳಿದು ಬಂದೆವು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರಿಂದ ಐತಿ. ಹೋಟೆಲು ಅದರೊಳಗೇ ಬರುತ್ತದೆ. ವಾರಕ್ಕೊಂದು ಪೂರ್ತಿ ದಿನ ರಜೆ, ಆ ದಿನದ ಕೂಲಿ ಮುರಿಯದೆ ಕೊಡಬೇಕು ಅಂತ ಆ ಕಾಯಿದೆ ಹೇಳುತ್ತದೆ. ಆ ಹುಡುಗ ನಮ್ಮನ್ನು ಕೇಳಿದ್ದು ಉಪಕಾರವನ್ನಲ್ಲ, ಅರವತ್ತು ವರ್ಷ ದಾಟಿದ ಒಂದು ಕಾಯಿದೆಯನ್ನು. ನಾವು ಇಪ್ಪತ್ತು ರೂಪಾಯಿ ಕೊಟ್ಟು ಒಂದು ಪ್ರಶ್ನೆಯಿಂದ ತಪ್ಪಿಸಿಕೊಂಡೆವು. ಅದನ್ನೂ ತಪ್ಪು ಕೈಗೆ ಕೊಟ್ಟೆವು.

ಆ ದಿನದಿಂದ ಟಿಪ್ಸು ಅನ್ನುವ ಈ ಪದಾರ್ಥ ಏನು ಅಂತ ನಾವು ಮಾತಾಡುತ್ತಲೇ ಇದ್ದೇವೆ. ಮಾತಾಡಿ ಮುಟ್ಟಿದ ತೀರ್ಮಾನವನ್ನು ಇಲ್ಲಿ ಬರೆಯುತ್ತಿದ್ದೇವೆ. ಒಪ್ಪದವರು ಉತ್ತರ ಬರೆಯಲಿ.

•

ಪೇಟೆಯ ಮಂದಿ ಇದಕ್ಕೊಂದು ಶಾಸ್ತ್ರ ಕಟ್ಟಿಕೊಂಡಿದ್ದಾರೆ. ಹೋಟೆಲಿನಲ್ಲಿ ಬಿಲ್ಲಿನ ನೂರಕ್ಕೆ ಹತ್ತು. ಸಿಲಿಂಡರ್ ಹೊತ್ತು ತಂದವನಿಗೆ ಇಪ್ಪತ್ತೋ ಮೂವತ್ತೋ. ವಾಚ್‌ಮನ್ನಿಗೆ ಹಬ್ಬಕ್ಕೊಮ್ಮೆ. ಕಸದ ಗಾಡಿಯ ಹೆಣ್ಣುಮಗಳಿಗೆ ದೀಪಾವಳಿಗೆ ಒಂದು ಹಳೇ ಸೀರೆ, ಉಳಿದ ಹೋಳಿಗೆ. ಮನೆಗೆಲಸದಾಕೆಗೆ ನಿನ್ನೆಯ ಸಾರು, ಮಗನಿಗೆ ಚಿಕ್ಕದಾದ ಅಂಗಿ, ಹೊಸ ಮಂಚ ತಂದ ದಿನ ಹಳೇ ಹಾಸಿಗೆ. ಎಷ್ಟು ಕೊಟ್ಟರೆ ಸಭ್ಯತೆ, ಎಷ್ಟು ಕೊಟ್ಟರೆ ಜಿಪುಣತನ, ಎಷ್ಟು ಕೊಟ್ಟರೆ 'ಅವರ ಅಭ್ಯಾಸ ಕೆಡಿಸಿದಂತೆ', ಇದೆಲ್ಲ ಅವರಿಗೆ ಬಾಯಿಪಾಠ. ಕೊಡುವವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ದರ ಗೊತ್ತು ಮಾಡುತ್ತಾರೆ. ತೆಗೆದುಕೊಳ್ಳುವವರನ್ನು ಆ ಮಾತಿಗೆ ಯಾರೂ ಕರೆಯುವುದಿಲ್ಲ.

ಈ ಪಟ್ಟಿಯನ್ನು ನಾವು ಎಲ್ಲೋ ಓದಿದ್ದೇವಲ್ಲ ಅನ್ನಿಸಿತು. ಹುಡುಕಿದೆವು. ಸಿಕ್ಕಿತು. ಮನುಸ್ಮೃತಿ, ಹತ್ತನೆಯ ಅಧ್ಯಾಯ, 125ನೆಯ ಶ್ಲೋಕ. ಸೇವೆ ಮಾಡುವ ಶೂದ್ರನಿಗೆ ಏನೇನು ಕೊಡಬೇಕು ಅಂತ ಅಲ್ಲಿದೆ: ಉಂಡು ಉಳಿದ ಅನ್ನ, ಉಟ್ಟು ಹಳೆಯದಾದ ಬಟ್ಟೆ, ಜಳ್ಳು ಕಾಳು, ಹಳೇ ಮನೆಸಾಮಾನು. ಓದುಗ ಬಂಧುಗಳೆ, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮನುವಿನ ಕಾಲಕ್ಕೆ ಸಿಲಿಂಡರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಪುಸ್ತಕಕ್ಕೆ ಬೆಂಕಿ ಬಿತ್ತು. ಪುಸ್ತಕ ಸುಟ್ಟಿತು. ಪಟ್ಟಿ ಮಾತ್ರ ಅಡಿಗೆಮನೆಯ ಗೋಡೆಗೆ ಇನ್ನೂ ಅಂಟಿಕೊಂಡೇ ಇದೆ.

•

ನಮ್ಮ ಊರಿಗೆ ಬರೋಣ.

ಕೆಂಚನಗುಡ್ಡ ತುಂಗಭದ್ರೆಯ ದಂಡೆಯ ಊರು. ಇಲ್ಲಿ ವಿಜಯನಗರದ ಕಾಲದ ಅಣೆಕಟ್ಟು ಇದೆ, ಕಾಲುವೆ ಇದೆ, ಕಾಲುವೆ ಕೆಳಗೆ ಭತ್ತದ ಗದ್ದೆ ಇದೆ. ಈ ಸೀಮೆಯಲ್ಲಿ ಅದೇ ಕಾಲದಿಂದ ನಡೆದು ಬಂದದ್ದು ಆಯಗಾರಿಕೆ. ಗೌಡ, ಶಾನುಭೋಗ ಮೊದಲಾಗಿ ಹನ್ನೆರಡು ಆಯಗಾರರು ಅನ್ನುತ್ತಾರೆ. ಪಟ್ಟಿಯ ತಲೆಯಲ್ಲಿದ್ದವರಿಗೆ ಮಾನ್ಯದ ಹೊಲ, ಮರ್ಯಾದೆ, ಮೊದಲ ತಾಂಬೂಲ. ಪಟ್ಟಿಯ ಕಾಲಲ್ಲಿದ್ದವರು ನಮ್ಮವರು. ಮಿಣಿ ಹೊಸೆಯುವುದು, ಕಪಿಲೆಗೆ ಚರ್ಮದ ಬಾನಿ ಹೊಲಿಯುವುದು, ಗೌಡರ ಕಾಲಿಗೆ ಜೋಡು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ರಾತ್ರಿಯಲ್ಲಿ ಹತ್ತು ಹರದಾರಿ ನಡೆಯುವುದು, ಜಾತ್ರೆಗೆ ಹಲಗೆ ಬಡಿಯುವುದು. ವರ್ಷವಿಡೀ ದುಡಿಮೆ. ಕೂಲಿ? ಕೂಲಿ ಅನ್ನೋ ಮಾತೇ ಇಲ್ಲ. ಸುಗ್ಗಿಗೆ ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಲ್ಲಬೇಕು.

ನಮ್ಮ ಅಜ್ಜಿಯರು ಹೇಳಿದ ಮಾತು ಕೇಳಿ. ಕಣದಲ್ಲಿ ರಾಶಿ ಮಾಡುತ್ತಾರೆ, ಪೂಜೆ ಮಾಡುತ್ತಾರೆ, ಅಳೆಯುತ್ತಾರೆ, ಚೀಲ ತುಂಬುತ್ತಾರೆ. ಚೀಲ ಎಲ್ಲ ಗಾಡಿ ಏರಿದ ಮೇಲೆ ಕಣ ಗುಡಿಸುತ್ತಾರೆ. ಆ ಮಣ್ಣುಗಾಳು ನಮ್ಮ ಆಯ. ಗೌಡ ಅವತ್ತು ಉಲ್ಲಾಸದಲ್ಲಿದ್ದರೆ ಮರದ ತುಂಬ, ಇಲ್ಲದಿದ್ದರೆ ಮರದ ಅರ್ಧ. 'ಯಾಕ್ರೀ ಧಣಿ ಕಡಿಮಿ?' ಅಂತ ಕೇಳುವ ಹಾಗಿಲ್ಲ. ಕೇಳಿದರೆ ಮುಂದಿನ ಸುಗ್ಗಿಗೆ ಅದೂ ಇಲ್ಲ. ಮನೆಗೆ ತಂದು ನಮ್ಮಜ್ಜಿಯರು ರಾತ್ರಿಯಿಡೀ ಕೇರುತ್ತಿದ್ದರು. ಮಣ್ಣು ಒಂದು ಕಡೆ, ಜಳ್ಳು ಒಂದು ಕಡೆ, ಕಾಳು ಒಂದು ಕಡೆ. ಕಾಳಿನ ಗುಡ್ಡೆ ಯಾವಾಗಲೂ ಸಣ್ಣದು.

ಟಿಪ್ಸಿನ ಗುಣ ಎಲ್ಲ ಈ ಕಣದೊಳಗೇ ಇದೆ. ಕೂಲಿಗೂ ಇದಕ್ಕೂ ಇರುವ ವ್ಯತ್ಯಾಸ ಕಾಳಿನ ಲೆಕ್ಕದ್ದಲ್ಲ. ಕೂಲಿಯನ್ನು ಕೆಲಸಕ್ಕೆ ಮುಂಚೆ ಮಾತಾಡಿಕೊಳ್ಳಬಹುದು. ಇದನ್ನು ಕೆಲಸ ಮುಗಿದ ಮೇಲೆ ಕೊಡುವವನು ಒಬ್ಬನೇ ನಿಶ್ಚಯ ಮಾಡುತ್ತಾನೆ. ಕೂಲಿ ಕಡಿಮೆಯಾದರೆ ಜಗಳಾಡಬಹುದು. ಇದು ಕಡಿಮೆಯಾದರೂ ಕೈ ಮುಗಿಯಬೇಕು. ಕೂಲಿಗೆ ಬೆನ್ನು ಬಗ್ಗಿದರೆ ಸಾಕು, ಇದಕ್ಕೆ ಮುಖವೂ ನಗಬೇಕು. ಹೆಸರು ಬದಲಾಗುತ್ತ ಬಂತು: ಆಯ, ಇನಾಮು, ಭಕ್ಷೀಸು, ಖುಷಿ, ಟಿಪ್ಸು. ಕಣ ಹೋಗಿ ಸೋಂಪಿನ ತಟ್ಟೆ ಬಂತು. ಕೈಯ ಎತ್ತರ ಮಾತ್ರ ಬದಲಾಗಲಿಲ್ಲ. ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ನಮ್ಮ ಅಪ್ಪಂದಿರ ಅಂಗೈಗೆ ಕಾಸು ಮೇಲಿನಿಂದ ಬೀಳುತ್ತಿತ್ತು. ಬೆರಳಿಗೆ ಬೆರಳು ತಾಗಬಾರದಲ್ಲ!

•

ಬಾಬಾಸಾಹೇಬರು ಇದನ್ನು ನಮಗಿಂತ ನೂರು ವರ್ಷ ಮೊದಲೇ ಕಂಡಿದ್ದರು. ಮುಂಬಯಿ ಪ್ರಾಂತದಲ್ಲಿ ಮಹಾರರಿಗೆ ವತನ ಅಂತ ಒಂದು ತುಂಡು ಭೂಮಿ, ಊರವರಿಂದ ಬಲುತೆ ಕಾಳು. ಅದಕ್ಕೆ ಬದಲಾಗಿ ಮನೆ ಮಂದಿಯೆಲ್ಲ ಸರಕಾರಕ್ಕೂ ಊರಿಗೂ ಹಗಲು ರಾತ್ರಿ ಚಾಕರಿ. ಹೊರಗಿನವರು ನೋಡಿದರೆ 'ಪರವಾಗಿಲ್ಲ, ಇವರಿಗೂ ಭೂಮಿ ಕೊಟ್ಟಿದ್ದಾರೆ' ಅನ್ನಬೇಕು. 1928ರಲ್ಲಿ ಅಂಬೇಡ್ಕರರು ಮುಂಬಯಿ ಶಾಸನಸಭೆಯಲ್ಲಿ ಈ ವತನದ ಕಾಯಿದೆಯನ್ನು ತಿದ್ದಲು ಮಸೂದೆ ತಂದರು. ಕಾಳಿನ ಬದಲು ನಗದು ಬರಲಿ, ಚಾಕರಿ ಬೇಡವೆಂದವನಿಗೆ ಬಿಡುಗಡೆ ಸಿಗಲಿ ಅನ್ನುವುದು ಅದರ ತಿರುಳು. ಅದಕ್ಕೂ ಮುಂಚೆ, 1927ರ ಮಾರ್ಚಿನಲ್ಲಿ, ಮಹಾಡಿನ ಸಭೆಯಲ್ಲಿ ಜನರಿಗೆ ಅವರು ಹೇಳಿದ್ದು ಕೆರೆಯ ನೀರಿನ ಮಾತು ಒಂದೇ ಅಲ್ಲ. ಸತ್ತ ದನದ ಮಾಂಸ ಬಿಡಿ, ಎಂಜಲು ತುಣುಕು ತೆಗೆದುಕೊಳ್ಳುವುದನ್ನು ಬಿಡಿ ಅಂತಲೂ ಹೇಳಿದರು. ಎಂಜಲನ್ನು ಬಿಟ್ಟವನು ಮಾತ್ರ ಪಾಲು ಕೇಳಬಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1961ರಲ್ಲಿ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಜೀತ ರದ್ದಾದದ್ದು 1976ರ ಕಾಯಿದೆಯಿಂದ. ಕಾಗದದ ಮೇಲೆ ಆಯಗಾರಿಕೆ ಸತ್ತಿತು, ಜೀತ ಸತ್ತಿತು. ಅಲ್ಲಿಂದ ನಮ್ಮ ಮಂದಿ ಬಸ್ಸು ಹತ್ತಿ ಬಳ್ಳಾರಿಗೆ, ಬೆಂಗಳೂರಿಗೆ ಬಂದರು. ಅಕ್ಕಿ ಗಿರಣಿಯಲ್ಲಿ ಹಮಾಲಿ, ಹೋಟೆಲಿನಲ್ಲಿ ತಟ್ಟೆ ತೊಳೆಯುವುದು, ಕಸದ ಗಾಡಿ, ಮನೆಗೆಲಸ, ಈಗ ಬೆನ್ನಿಗೊಂದು ಚೌಕದ ಚೀಲ ಕಟ್ಟಿಕೊಂಡು ಮನೆ ಮನೆಗೆ ಊಟ ಮುಟ್ಟಿಸುವುದು. ಅವರು ಬಂದ ಬಸ್ಸಿನಲ್ಲೇ ಕಣವೂ ಬಂತು.

•

ಒಂದು ಮಾತಿನ ಲೆಕ್ಕ ಇಲ್ಲಿಯೇ ತೀರಿಸಿಬಿಡುತ್ತೇವೆ. ಬಿಟ್ಟಿ.

2023ರಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಹೆಂಗಸರಿಗೆ ಬಸ್ಸಿನ ಪ್ರಯಾಣ ಅಂತ ಯೋಜನೆಗಳು ಶುರುವಾದಾಗ ಪೇಟೆಯ ಪಡಸಾಲೆಗಳಲ್ಲಿ ಒಂದೇ ಮಾತು: 'ಬಿಟ್ಟಿ ಭಾಗ್ಯ.' ಬಿಟ್ಟಿ ತಿನ್ನುವವರು, ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು. ಸ್ವಾಮಿ, ನಿಮಗೆ ಕನ್ನಡ ಬರುವುದಿಲ್ಲ. ಹಳೇ ಶಾಸನಗಳಲ್ಲಿ ಬಿಟ್ಟಿ ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಬಲವಂತದ ದುಡಿಮೆ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಬಿಟ್ಟಿ ಮಾಡಿದವರು ನಾವು. ಬಿಟ್ಟಿ ತಿಂದವರು ನೀವು. ನೂರಾರು ವರ್ಷ ಬಿಟ್ಟಿ ತಿಂದ ಬಾಯಿ ಇವತ್ತು ನಮ್ಮ ಅವ್ವಂದಿರ ಪಡಿತರದ ಅಕ್ಕಿಗೆ ಆ ಹೆಸರು ಇಡುತ್ತದೆ. ಅದೇ ಬಾಯಿ ಹೋಟೆಲಿನಲ್ಲಿ ಹತ್ತು ರೂಪಾಯಿ ಬಿಟ್ಟು ಬಂದು ತನ್ನನ್ನು ತಾನು ಉದಾರಿ ಅಂದುಕೊಳ್ಳುತ್ತದೆ.

ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ. ಹೊಟ್ಟೆಯ ಹಸಿವು ತಳ್ಳಿದರೂ ಅದು ಬಲವಂತವೇ. ಅಂದಮೇಲೆ ಕನಿಷ್ಠ ವೇತನ ಕೊಡದ ಪ್ರತಿಯೊಂದು ಹೋಟೆಲೂ, ಮನೆಯೂ, ಗುತ್ತಿಗೆದಾರನ ಆಫೀಸೂ ಈ ಹೊತ್ತು ಬಿಟ್ಟಿ ತಿನ್ನುತ್ತಿದೆ. ಅದನ್ನು ಮುಚ್ಚಿಡಲು ಹಾಸಿದ ಕರವಸ್ತ್ರ ಈ ಟಿಪ್ಸು.

•

ಕೆಲವರು ಅನ್ನುತ್ತಾರೆ: 'ಅದೆಲ್ಲ ರಾಜಕೀಯ. ಪ್ರೀತಿಯಿಂದ ಕೊಡ್ತೀವಪ್ಪ, ಅದರಾಗೇನು ತಪ್ಪು?'

ಪ್ರೀತಿಯ ಲೆಕ್ಕವನ್ನೂ ನೋಡೋಣ. ಜಾತಿ ಸರ್ಟಿಫಿಕೇಟಿಗೆ, ಪಹಣಿಗೆ ಆಫೀಸಿನ ಕಟ್ಟೆ ಹತ್ತಿದವರಿಗೆ ಮಾಮೂಲು ಗೊತ್ತು. ಅದಕ್ಕೂ 'ಚಾ ಕುಡಿಯೋಕೆ' ಅಂತಲೇ ಹೆಸರು. ಆದರೆ ಮಾಮೂಲಿಗೆ ದರ ಇರುತ್ತದೆ. ಕೆಲಸಕ್ಕೆ ಮುಂಚೆ ಕೊಡಬೇಕು. ಕೊಡುವವನೇ ಕೈ ಮುಗಿಯಬೇಕು. ಮೇಲಕ್ಕೆ ಹೋಗುವ ದುಡ್ಡಿಗೆ ಭಯ, ದರ, ಗಡುವು ಎಲ್ಲ ಉಂಟು. ಕೆಳಕ್ಕೆ ಬರುವ ದುಡ್ಡಿಗೆ ಮಾತ್ರ 'ನಮ್ಮ ಖುಷಿ'. ಪ್ರೀತಿ ಯಾವಾಗಲೂ ಕೆಳಕ್ಕೇ ಯಾಕೆ ಹರಿಯುತ್ತದೆ, ಅದೂ ಚಿಲ್ಲರೆಯಾಗಿ?

ಇನ್ನೊಂದು. ಈ ಪ್ರೀತಿಗೆ ಕಣ್ಣಿದೆ, ಅದು ಎದುರಿಗೆ ಕಂಡವರಿಗೆ ಮಾತ್ರ ಸಲ್ಲುತ್ತದೆ. ನಿಮ್ಮೂರಿನ ಹೋಟೆಲಿಗೆ ಹೋಗಿ ನೋಡಿ. ಒಲೆಯ ಮುಂದೆ ಯಾರು, ಬಡಿಸುವವರು ಯಾರು, ತಟ್ಟೆ ಎತ್ತುವವರು ಯಾರು, ಹಿತ್ತಲಲ್ಲಿ ಪಾತ್ರೆ ತಿಕ್ಕುವವರು ಯಾರು, ಕಕ್ಕಸು ತೊಳೆಯುವವರು ಯಾರು? ನಮ್ಮವರ ಕೈ ಅನ್ನ ಮುಟ್ಟಿದರೆ ಗಿರಾಕಿ ಏಳುತ್ತಾನೆ ಅನ್ನುವ ಹೆದರಿಕೆ ಇನ್ನೂ ಇದೆ. ನಮ್ಮ ಕೈ ಎಂಜಲು ಮುಟ್ಟಿದರೆ ಅಡ್ಡಿಯಿಲ್ಲ. ಅನ್ನ ಮುಟ್ಟುವ ಕೈ ಗಿರಾಕಿಗೆ ಕಾಣುತ್ತದೆ, ಟಿಪ್ಸು ಅದಕ್ಕೆ. ಎಂಜಲು ಮುಟ್ಟುವ ಕೈ ಗೋಡೆಯ ಹಿಂದೆ. ಹೀಗೆ ಟಿಪ್ಸು ಕೂಡ ಜಾತಿ ಕೇಳಿಯೇ ಜೇಬಿಗೆ ಇಳಿಯುತ್ತದೆ. ಜೊತೆಗೆ ಬಡಿಸುವವನನ್ನೂ ತೊಳೆಯುವವನನ್ನೂ ಒಬ್ಬರಿಗೊಬ್ಬರು ಆಗದ ಹಾಗೆ ಮಾಡಿಡುತ್ತದೆ. ಅವರಿಬ್ಬರೂ ಕೂಡಿ ಗಲ್ಲಾದ ಮುಂದೆ ನಿಂತರೆ ಮಾಲಕನಿಗೆ ಕಷ್ಟ. ಹತ್ತಿಪ್ಪತ್ತು ರೂಪಾಯಿಯಲ್ಲಿ ಆ ಕಷ್ಟ ದೂರವಾಗುತ್ತದೆ, ಅದೂ ಗಿರಾಕಿಯ ದುಡ್ಡಿನಿಂದ!

ಗಿರಾಕಿಗೂ ಕಾನೂನು ಬಲ ಸಿಕ್ಕಿದೆ. ಹೋಟೆಲುಗಳು ಬಿಲ್ಲಿನಲ್ಲಿ ತಾವೇ ಸೇವಾ ಶುಲ್ಕ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ದಿಲ್ಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಒಳ್ಳೆಯದೇ ಆಯಿತು. ಗಿರಾಕಿ ಇಷ್ಟವಿದ್ದರೆ ಕೊಡಲಿ, ಇಲ್ಲದಿದ್ದರೆ ಬಿಡಲಿ. ಆದರೆ ನಮ್ಮ ಹುಡುಗನ ಹೊಟ್ಟೆ ಗಿರಾಕಿಯ ಇಷ್ಟದ ಮೇಲೆ ನಿಲ್ಲಬಾರದಲ್ಲ! ಗಿರಾಕಿಯ ಹತ್ತು ರೂಪಾಯಿ ಹೈಕೋರ್ಟಿನ ತನಕ ಹೋಯಿತು. ಹುಡುಗನ ರಜೆ ಗಲ್ಲಾದ ತನಕವೂ ಹೋಗಲಿಲ್ಲ.

•

ಇದು ನಮ್ಮ ದೇಶದ ರೋಗ ಒಂದೇ ಅಲ್ಲ. ಅಮೇರಿಕಾದ ಕರಿಯ ಬಂಧುಗಳ ಕತೆ ಕೇಳಿ. ಅಲ್ಲಿ ಗುಲಾಮಗಿರಿ ಹೋದದ್ದು 1865ರಲ್ಲಿ. ಸ್ವಲ್ಪ ಕಾಲಕ್ಕೇ ಪುಲ್‌ಮನ್ ಅನ್ನುವ ಕಂಪನಿ ರೈಲಿನ ಮಲಗುವ ಡಬ್ಬಿಗಳಿಗೆ ಬಿಡುಗಡೆಯಾದ ಕರಿಯರನ್ನೇ ಹುಡುಕಿ ಸೇರಿಸಿಕೊಂಡಿತು. ಸಂಬಳ ಅತಿ ಕಡಿಮೆ. ಉಳಿದದ್ದು ಪ್ರಯಾಣಿಕರ ಟಿಪ್ಸಿನಿಂದ ಆಗಬೇಕು. ಅದಕ್ಕಾಗಿ ಹಗಲು ರಾತ್ರಿ ನಗಬೇಕು. ಬಿಳಿಯರು ಅವರ ಹೆಸರು ಕೂಡ ಕೇಳುತ್ತಿರಲಿಲ್ಲ. ಮಾಲಕ ಜಾರ್ಜ್ ಪುಲ್‌ಮನ್, ಆದ್ದರಿಂದ ಆಳುಗಳೆಲ್ಲ 'ಜಾರ್ಜ್'. ನಮ್ಮೂರಿನಲ್ಲಿ ಎಪ್ಪತ್ತು ವರ್ಷದ ಮುದುಕನನ್ನು 'ಏ ಹುಡುಗಾ' ಅಂದ ಹಾಗೆ. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ಮುಂದಾಳುತನದಲ್ಲಿ ಆ ಪೋರ್ಟರುಗಳು ಸಂಘ ಕಟ್ಟಿದರು. ಟಿಪ್ಸು ಹೆಚ್ಚಿಸಿ ಅನ್ನಲಿಲ್ಲ, ಸಂಬಳ ಕೊಡಿ, ಕೆಲಸದ ತಾಸು ಕಡಿಮೆ ಮಾಡಿ ಅಂದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯ ಸಹಿ ಪಡೆದರು. ಆದರೆ ಆ ದೇಶದಲ್ಲಿ ರೋಗ ಪೂರ್ತಿ ಹೋಗಿಲ್ಲ. ಟಿಪ್ಸು ಪಡೆಯುವ ಕೆಲಸಗಾರರಿಗೆ ಅಲ್ಲಿನ ಕೇಂದ್ರ ಕಾನೂನು ಗೊತ್ತು ಮಾಡಿದ ಕನಿಷ್ಠ ನಗದು ಕೂಲಿ ತಾಸಿಗೆ 2.13 ಡಾಲರು. 1991ರಿಂದ ಒಂದು ಸೆಂಟೂ ಏರಿಲ್ಲ. ಟಿಪ್ಸು ಎಲ್ಲಿ ಬೇರು ಬಿಡುತ್ತದೋ ಅಲ್ಲಿ ಕೂಲಿ ಬೆಳೆಯುವುದಿಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಮ್ಮ ದೇಶದ್ದೇ ಇನ್ನೊಂದು ಕತೆ, ಗೆದ್ದ ಕತೆ. ಬೋನಸ್. ಮೊದಲ ಮಹಾಯುದ್ಧದ ಕಾಲಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಭಾರೀ ಲಾಭ ಬಂತು. ಮಾಲಕರು ಖುಷಿಯಾಗಿ ಕೂಲಿಗಳಿಗೆ ಬೋನಸ್ ಕೊಟ್ಟರು. ಅದು ಇನಾಮು. ಲಾಭ ಇಳಿಯಿತು, ಖುಷಿಯೂ ಇಳಿಯಿತು, ಬೋನಸ್ ನಿಂತಿತು. 1924ರಲ್ಲಿ ಗಿರಣಿ ಕೂಲಿಗಳು ಮುಷ್ಕರ ಹೂಡಿದರು. ಸರಕಾರ ನೇಮಿಸಿದ ಸಮಿತಿ, ಬೋನಸ್ ಕೇಳಲು ನಿಮಗೆ ಹಕ್ಕಿಲ್ಲ ಅಂದಿತು. ಕೂಲಿಗಳು ಬಿಡಲಿಲ್ಲ. ಒಂದು ತಲೆಮಾರು ಬಡಿದಾಡಿದ ಮೇಲೆ 1965ರಲ್ಲಿ ಬೋನಸ್ ಕಾಯಿದೆಯಾಯಿತು. ಈಗ ಆ ಕಾಯಿದೆ 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಕನಿಷ್ಠ ನೂರಕ್ಕೆ 8.33 ಅನ್ನುವುದು ಹಾಗೇ ಉಳಿದಿದೆ. ಲಾಭ ಇರಲಿ ಬಿಡಲಿ, ಕೊಡಬೇಕು. ದಸರೆಗೆ ಬೋನಸ್ ತೆಗೆದುಕೊಳ್ಳುವ ಕಾರ್ಮಿಕ ಇವತ್ತು ಮಾಲಕನಿಗೆ ಸಲಾಮು ಹೊಡೆಯುವುದಿಲ್ಲ. ಬರದಿದ್ದರೆ ಗೇಟಿಗೆ ಕೂಡುತ್ತಾನೆ. ಅದೇ ದುಡ್ಡು, ಆದರೆ ಅವನ ಬೆನ್ನು ನೆಟ್ಟಗಿದೆ.

ಪೌರಕಾರ್ಮಿಕರನ್ನು ನೋಡಿ. 1970ರ ದಶಕದ ಮೊದಲಿಗೆ ನಮ್ಮ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. 1973ರಲ್ಲಿ ಬೂಸಾ ಅಂದದ್ದಕ್ಕೆ ಅವರ ಮಂತ್ರಿಗಿರಿ ಹೋಯಿತು. ಆ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿ, ಬಂಡಾಯ ಎದ್ದು ಬಂದವು. ಅರ್ಧ ಶತಮಾನ ಪೌರಕಾರ್ಮಿಕರಿಗೆ ಹಬ್ಬಕ್ಕೆ ಹಳೇ ಸೀರೆ ಸಿಕ್ಕಿತು, ಕೆಲಸದ ಭದ್ರತೆ ಸಿಗಲಿಲ್ಲ. 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಅವರು ಪೊರಕೆ ಕೆಳಗಿಟ್ಟು ಕೂತರು. ನಾಲ್ಕು ದಿನಕ್ಕೇ ನಗರ ಮೂಗು ಮುಚ್ಚಿಕೊಂಡಿತು. 2025ರ ಮೇ ದಿನದಂದು 12,692 ಜನರಿಗೆ ಕಾಯಂ ನೇಮಕದ ಪತ್ರ ಬಂತು. ಲಕ್ಷ ಹಳೇ ಸೀರೆ ಕೂಡಿಸಿದರೂ ಅಂಥ ಒಂದು ಪತ್ರ ಆಗುವುದಿಲ್ಲ. ಬೆಂಗಳೂರಿನ ಆ ಪತ್ರ ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಪ್ರತಿಯೊಂದು ಕಸದ ಗಾಡಿಗೂ ಬರಬೇಕು.

•

ಹಾಗಾದರೆ ಕೊಡಬಾರದೆ? ಇದು ನಾವು ನಾಲ್ವರೂ ಜಗಳಾಡಿದ ಪ್ರಶ್ನೆ. ಒಬ್ಬ ಅಂದ, 'ಇವತ್ತಿನಿಂದ ಒಂದು ಪೈಸೆ ಕೊಡಬಾರದು, ಇದು ತತ್ವ.' ಇನ್ನೊಬ್ಬ ಅಂದ, 'ನಿನ್ನ ತತ್ವಕ್ಕೆ ಅವನ ಮಗಳ ಹಾಲು ಯಾಕೆ ನಿಲ್ಲಬೇಕು?' ಅವನು ಹೇಳಿದ್ದೇ ಸರಿ. ಕೂಲಿ ಕದ್ದವನು ಮಾಲಕ. ಅದಕ್ಕೆ ಶಿಕ್ಷೆ ಆಳಿಗೆ ಯಾಕೆ? ತತ್ವ ಹೇಳಿ ಜೇಬು ಉಳಿಸಿಕೊಳ್ಳುವ ಬುದ್ಧಿವಂತರು ನಮಗೆ ಬೇಡ. ಈ ಲೇಖನ ಓದಿ ನಾಳೆ ಸೋಂಪು ಬಾಯಿಗೆ ಹಾಕಿಕೊಂಡು ಸುಮ್ಮನೆ ಎದ್ದು ಹೋಗುವವನು ನಮ್ಮವನಲ್ಲ.

ಕೊಡಿ. ಆದರೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅವರು ಶಿಷ್ಟಾಚಾರ ಬರೆದರಲ್ಲ, ನಾವೂ ನಮ್ಮದೊಂದು ಬರೆಯುತ್ತೇವೆ.

ಕೊಡುವಾಗ ಕೈಯಲ್ಲಿ ಕೊಡಿ, ಮುಖ ನೋಡಿ ಕೊಡಿ. ಸಲಾಮು ಬಂದರೆ ತಡೆಯಿರಿ. ಹಿತ್ತಲ ಕಡೆ ಹೋಗಿ ತಟ್ಟೆ ತೊಳೆಯುವವರಿಗೆ ಮೊದಲು ಕೊಡಿ.

'ಏ', 'ಲೇ', 'ಹುಡುಗಾ' ಬಿಡಿ. ಅಕ್ಕ, ಅಣ್ಣ, ಅವ್ವ, ಇಲ್ಲವೇ ಹೆಸರು ಹಿಡಿದು ಕರೆಯಿರಿ. ಅದಕ್ಕೆ ಕಾಸು ಖರ್ಚಿಲ್ಲ.

ಎಂಜಲು, ಹಳಸಿದ್ದು, ಹರಿದದ್ದು ಕೊಡಬೇಡಿ. ನೀವು ಉಣ್ಣದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ದಾನವಲ್ಲ, ಕಸದ ವಿಲೇವಾರಿ.

ಬಿಸಿಲಲ್ಲಿ ಬಂದ ಮನುಷ್ಯನಿಗೆ ನೀರು ಕೊಡಿ, ನೀವು ಕುಡಿಯುವ ಲೋಟದಲ್ಲೇ ಕೊಡಿ. ಹಂಚಿನ ಮೇಲೆ, ಗೇಟಿನ ಹೊರಗೆ, ಕಿಟಕಿಯ ಕಟ್ಟೆಯ ಮೇಲೆ ಆ ಒಂದು ಬೇರೆ ಲೋಟ ಇದೆಯಲ್ಲ, ಅದನ್ನು ಒಡೆದು ಹಾಕಿ. ಮನೆಗೆಲಸದಾಕೆಗೆ ನಿಮ್ಮ ಕಕ್ಕಸಿನ ಬಾಗಿಲು ತೆರೆಯಿರಿ. ತೊಳೆಯಲು ಆಕೆ ಬೇಕು, ಬಳಸಲು ಬೇಡವೆ?

ಕೂಲಿ ಎಷ್ಟು ಅಂತ ಕೇಳಿ. ನಮ್ಮ ರಾಜ್ಯ ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತು ಮಾಡಿದ್ದು 2004ರಲ್ಲಿ. ಎಷ್ಟು ಓದಿದ ಮನೆಗಳಲ್ಲಿ ಆ ಆಜ್ಞೆಯನ್ನು ಓದಿದ್ದಾರೆ? ದೀಪಾವಳಿಯ ಸೀರೆಗೆ ಮುಂಚೆ ತಿಂಗಳ ಲೆಕ್ಕ ತೀರಿಸಿ, ವಾರದ ರಜೆ ಕೊಡಿ.

ಮೊಬೈಲಿನಲ್ಲಿ ಊಟ ತರಿಸುವವರು ಟಿಪ್ಸಿನ ಗುಂಡಿ ಒತ್ತಿ ಪುಣ್ಯ ಬಂತೆಂದು ಮಲಗಬೇಡಿ. ಆ ದುಡಿಮೆಗಾರರಿಗಾಗಿ ಕರ್ನಾಟಕ 2025ರಲ್ಲಿ ಒಂದು ಕಾಯಿದೆ ಮಾಡಿದೆ. ಅವರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ನೂರಕ್ಕೆ 1ರಿಂದ 5ರ ತನಕ ಶುಲ್ಕವನ್ನು ಕಂಪನಿಗಳಿಂದ ಪಡೆದು ಕಲ್ಯಾಣ ನಿಧಿ ಮಾಡಬೇಕು. ಅದು ಮೊದಲ ಮೆಟ್ಟಿಲು. ದುಡಿದ ತಾಸಿಗೆ ಇಷ್ಟು ಅನ್ನುವ ಕೂಲಿಯ ಮಾತು ಇನ್ನೂ ಬಾಕಿ ಇದೆ. ಅವರು ಬೀದಿಗೆ ಬಂದ ದಿನ ಅವರ ಬಗಲಿಗೆ ನಿಲ್ಲಿ.

ಕೊನೆಯದಾಗಿ, ಗಲ್ಲಾದ ಮುಂದೆ ನಿಂತು ಕೇಳಿ. ನೂರು ಗಿರಾಕಿಗಳು ಟಿಪ್ಸು ಇಟ್ಟರೆ ಮಾಲಕ ನಗುತ್ತಾನೆ. ಹತ್ತು ಗಿರಾಕಿಗಳು 'ಈ ಹುಡುಗರಿಗೆ ರಜೆ ಯಾಕಿಲ್ಲ?' ಅಂದರೆ ಅವನ ನಗು ನಿಲ್ಲುತ್ತದೆ.

•

ಇದನ್ನೆಲ್ಲ ಊರಿನಲ್ಲಿ ಹೇಳಿದರೆ ಹಿರಿಯರು ಅನ್ನುತ್ತಾರೆ, 'ಓದಿ ಕೆಟ್ಟೋದ್ರು. ಕೊಡೋರು ಕೊಡ್ತಾರ, ತಗೊಳ್ಳೋರು ತಗೊಳ್ತಾರ. ಹಕ್ಕಂತೆ, ಲೆಕ್ಕಂತೆ!'

ಅವರಿಗೆ ನಾವು ಕಾಲುವೆ ತೋರಿಸುತ್ತೇವೆ. ಈ ಸೀಮೆಯಲ್ಲಿ ನೀರಿನ ನ್ಯಾಯ ಗೊತ್ತಿಲ್ಲದವರು ಯಾರೂ ಇಲ್ಲ. ಮೇಲ್ಭಾಗದವರು ತೂಬು ಎತ್ತಿ ನೀರು ಹೊಡೆದುಕೊಂಡು ಕೆಳಭಾಗದ ಗದ್ದೆ ಬಿರಿದ ವರ್ಷ ಏನಾಗುತ್ತದೆ? ಗೌಡರು, ಸಾಹುಕಾರರು, ರೆಡ್ಡಿಗಳು ಎಲ್ಲರೂ ಕೂಡಿ ರಸ್ತೆಗೆ ಕಲ್ಲಿಟ್ಟು ಕೂಡುತ್ತಾರೆ. 'ನಮ್ಮ ಪಾಲಿನ ನೀರು ಬಿಡ್ರಿ' ಅಂತಾರೆ. ಬಿಡುವುದು ಅವರ ಹಕ್ಕು, ನಾವೂ ಅವರ ಜೊತೆ ಕೂತಿದ್ದೇವೆ. ಗದ್ದೆ ಒಣಗಿದರೆ ನಾಟಿಯ ಕೂಲಿ ನಮ್ಮವ್ವಂದಿರಿಗೂ ಇಲ್ಲ. ಆ ಹೊತ್ತಿನಲ್ಲಿ ಮೇಲ್ಭಾಗದವನೊಬ್ಬ ಬಂದು 'ಪಾಲು ಗೀಲು ಬ್ಯಾಡ, ನಮಗೆ ಖುಷಿ ಬಂದಾಗ ಒಂದೆರಡು ಕೊಡ ನೀರು ಬಿಡ್ತೀವಿ, ನಗ್ತಾ ತಗೊಳ್ರಿ' ಅಂದರೆ ಅವರು ಒಪ್ಪುತ್ತಾರೆಯೆ? ಅವನ ಕಾಲು ಮುರಿಯುತ್ತಾರೆ.

ನೀರಿನ ವಿಷಯದಲ್ಲಿ ಪಾಲಿಗೂ ಇನಾಮಿಗೂ ವ್ಯತ್ಯಾಸ ತಿಳಿದ ಊರಿಗೆ ಕೂಲಿಯ ವಿಷಯದಲ್ಲಿ ಅದು ತಿಳಿಯುವುದಿಲ್ಲವೆ? ತಿಳಿಯುತ್ತದೆ. ತಿಳಿದೂ ತೂಬು ಒತ್ತಿ ಕೂತಿದ್ದಾರೆ.

ನಾವು ಕೆಳಭಾಗದ ಜನ. ಸೆರಗಿನಲ್ಲಿ ಮಣ್ಣುಗಾಳು ಹೊತ್ತು ತಂದು ರಾತ್ರಿಯಿಡೀ ಕೇರಿದ ಅಜ್ಜಿಯರ ಮೊಮ್ಮಕ್ಕಳು. ಅವರು ಕೇರಿ ಉಳಿಸಿದ ಕಾಳಿನಿಂದ ನಮ್ಮ ಕೈಗೆ ಪುಸ್ತಕ ಬಂತು. ಆ ಪುಸ್ತಕ ಓದಿಯೂ ಗಲ್ಲಾದ ಮುಂದೆ ನಾಲಿಗೆ ಏಳದಿದ್ದರೆ ನಮ್ಮ ಡಿಗ್ರಿಗೂ ಆ ಸೋಂಪಿನ ತಟ್ಟೆಗೂ ಏನು ವ್ಯತ್ಯಾಸ?

ಮುಂದಿನ ಭಾನುವಾರ ನಾವು ನಾಲ್ವರೂ ಮತ್ತೆ ಆ ಹೋಟೆಲಿಗೆ ಹೋಗುತ್ತೇವೆ. ಊಟಕ್ಕಲ್ಲ. ನೀವೂ ಬರ್ರಿ.